ಸೂಕ್ಷ್ಮದರ್ಶಕಕ್ಕೊಂದು ಕುಂಚಿಗೆ

ನಮ್ಮ ಅವ್ವನಿಗೆ ಬಟ್ಟೆಯ ತುಂಡೊಂದು ಉಳಿದರೆ ಅದಕ್ಕೆ ಯಾವುದಾದರೂ ತಲೆ ಹುಡುಕುವ ಚಟ. ಮೊಮ್ಮಕ್ಕಳ ತಲೆಗಳೆಲ್ಲ ಕುಂಚಿಗೆಯ ವಯಸ್ಸು ದಾಟಿದ ಮೇಲೆ, ಕುಪ್ಪಸ ಹೊಲಿದು ಮಿಕ್ಕ ಖಣದ ತುಂಡುಗಳನ್ನು ಏನು ಮಾಡುವುದೆಂದು ಚಡಪಡಿಸುತ್ತಿದ್ದವಳು, ನಾನು ಕಮಲಾಪುರದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆಂಬ ನೆಪ ಹಿಡಿದು, ಅಲ್ಲಿನ ಸೂಕ್ಷ್ಮದರ್ಶಕಗಳಿಗೆಲ್ಲ ಕುಂಚಿಗೆ ಹೊಲಿದುಕೊಟ್ಟಳು. ಕುಂಚಿಗೆಯೆಂದರೆ ಗೊತ್ತಲ್ಲ, ಹಸುಗೂಸಿನ ತಲೆ, ಕಿವಿ, ಬೆನ್ನು ಎಲ್ಲವನ್ನೂ ಮುಚ್ಚಿ ಗದ್ದದ ಕೆಳಗೆ ಕಸೆ ಕಟ್ಟುವ ಟೊಪ್ಪಿಗೆ. ಹಸಿರು ಖಣ ತೊಟ್ಟು ಗಾಜಿನ ಕಪಾಟಿನಲ್ಲಿ ಸಾಲಾಗಿ ಕುಳಿತ ಆ ಯಂತ್ರಗಳನ್ನು ನೋಡಿದರೆ ಯಾರಿಗಾದರೂ ತೊಟ್ಟಿಲಿಗೆ ಹಾಕಿ ತೂಗಬೇಕೆನಿಸುತ್ತಿತ್ತು. ನಮ್ಮ ವಿಭಾಗದ ಮುಖ್ಯಸ್ಥರಿಗೂ ಹಾಗೇ ಅನಿಸಿರಬೇಕು. ಮಲಗಿದ ಕೂಸುಗಳನ್ನು ಎಬ್ಬಿಸಬಾರದೆಂದು ಕಪಾಟಿಗೆ ಕೀಲಿ ಜಡಿದು, ಕೀಲಿಕೈಯನ್ನು ಒಳಜೇಬಿಗೆ ಇಳಿಸಿದರು.

ವರ್ಷಕ್ಕೊಮ್ಮೆ, ಮಹಾನವಮಿಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ ಮಾತ್ರ ಅವು ಹೊರಗೆ ಬರುತ್ತಿದ್ದವು. ಕಣ್ಣಿಟ್ಟು ನೋಡುವ ಕೊಳವೆಯ ಸುತ್ತ ವಿಭೂತಿ, ಕುಂಕುಮ, ಕುತ್ತಿಗೆಗೆ ಚೆಂಡುಹೂವು, ಮಂಗಳಾರತಿ, ಚುರಮುರಿ, ಮತ್ತೆ ಕುಂಚಿಗೆ, ಮತ್ತೆ ಕೀಲಿ. ಪೂಜೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಕೈಗೆ ಕೆಲಸ ಕೊಡುವ ವಸ್ತುವಿಗೆ ಕೈಮುಗಿಯುವುದು ನನಗೂ ಇಷ್ಟವೇ. ಆದರೆ ಬಡಿಗ ಮರುದಿನ ಬಾಚಿ ಹಿಡಿಯುತ್ತಾನೆ, ಡ್ರೈವರು ಗಾಜು ಒರೆಸಿಕೊಂಡು ಹುಮನಾಬಾದಿಗೆ ಬಸ್ಸು ಹೊರಡಿಸುತ್ತಾನೆ. ನಾವು ಕಾಲೇಜಿನವರು ಮಾತ್ರ ಒಂದು ಪೂಜೆ ಮುಗಿಸಿ ಇನ್ನೊಂದು ಪೂಜೆಗೆ ಕಾಯುತ್ತ ಕೂರುತ್ತಿದ್ದೆವು.

ಹೀಗಿರುವಾಗ, ಪದವಿ ವಿದ್ಯಾರ್ಥಿಗಳು ಕೈಯಾರೆ ಮಾಡಿ ಕಲಿಯಬೇಕು ಎಂಬ ಹೊಸ ಗಾಳಿ ಬೀಸಿತು. ಅಂಥ ಪಠ್ಯಕ್ರಮವನ್ನು ರೂಪಿಸುವುದು ಹೇಗೆಂದು ನಮಗೆ ಕಲಿಸಲು ಕಲಬುರಗಿಯಲ್ಲಿ ಒಂದು ಕಾರ್ಯಾಗಾರ ಏರ್ಪಾಡಾಯಿತು. ನಮ್ಮ ಮನೆ ಅಲ್ಲೇ ಶರಣಬಸವೇಶ್ವರ ಗುಡಿಯ ಹತ್ತಿರ ಇರುವುದರಿಂದ, ಅಂದು ಕಮಲಾಪುರದ ಬಸ್ಸಿನಲ್ಲಿ ನಿಂತು ಹೋಗುವುದು ತಪ್ಪಿತೆಂಬ ಖುಷಿಯಲ್ಲಿ ಆಟೋ ಹತ್ತಿ ಹೋದೆ. ತಜ್ಞರೊಬ್ಬರು ಪರದೆಯ ಮೇಲೆ ಮಣ್ಣು ಮೆತ್ತಿದ ಕೈಗಳ ಚಿತ್ರ ತೋರಿಸುತ್ತ, ಭಾಷಣ ಮಾಡಿ ಕಲಿಸುವ ಕಾಲ ಮುಗಿಯಿತೆಂದು ಸಂಜೆಯವರೆಗೂ ಭಾಷಣ ಮಾಡಿದರು. ನಾವು ಕೈಕಟ್ಟಿ ಕೇಳಿದೆವು. ಮಧ್ಯಾಹ್ನದ ಊಟದಲ್ಲಿ ಮಾತ್ರ ಎಲ್ಲರ ಕೈಗಳಿಗೂ ಜೀವ ಬಂದು, ಖಡಕ್ ರೊಟ್ಟಿ ಮುರಿಯುವುದು, ಶೇಂಗಾ ಹಿಂಡಿಯೆಂಬ ಚಟ್ನಿಪುಡಿಗೆ ಮೊಸರು ಕಲಸುವುದು ಬಹಳ ಉತ್ಸಾಹದಿಂದ ನಡೆಯಿತು. ಅದನ್ನು ಯಾರೂ ನಮಗೆ ಪರದೆಯ ಮೇಲೆ ಹೇಳಿಕೊಟ್ಟಿರಲಿಲ್ಲ.

ಆದರೂ ನನಗೆ ಆ ಗಾಳಿ ತಾಕಿತೆನ್ನಿ. ಕಮಲಾಪುರದ ಕೆಂಪು ಬಾಳೆಯನ್ನೇ ಹಿಡಿದು ಒಂದು ಪ್ರಾಯೋಗಿಕ ಪತ್ರಿಕೆ ರೂಪಿಸಿದೆ. ಆ ಕೆಂಪು ಬಣ್ಣ ಸಿಪ್ಪೆಯ ಯಾವ ಕೋಶದಲ್ಲಿ ಕೂತಿದೆ ಎಂಬುದನ್ನು ಮಕ್ಕಳು ತಾವೇ ಕತ್ತರಿಸಿ, ನೋಡಿ, ಕಂಡದ್ದನ್ನು ಕಂಡಂತೆ ಬರೆಯಬೇಕು. ಮೇಲಿನವರು ಒಪ್ಪಿದರು. ಒಪ್ಪಿಗೆಯ ಸಂಭ್ರಮದಲ್ಲೇ ಮುಖ್ಯಸ್ಥರ ಬಳಿ ಹೋಗಿ ಕೀಲಿಕೈ ಕೇಳಿದೆ.

“ಒಡದ್ರ ಯಾರ್ ಜಿಮ್ಮಾ ಮೇಡಮ್? ಕಪಾಟಿನ್ಯಾಗ ಛಂದ ಕಾಣಾಕತ್ತಾವ, ಇರ್ಲಿ ಬಿಡ್ರಿ,” ಎಂದರು.

ಅಂತೂ ಕೈಯಾರೆ ಕಲಿಯುವ ಪತ್ರಿಕೆಯನ್ನು ನಾನು ಇಡೀ ಸೆಮಿಸ್ಟರ್ ಸೀಮೆಸುಣ್ಣದಲ್ಲಿ ಕಲಿಸಿದೆ. ಹಲಗೆಯ ಮೇಲೆ ಆರು ಮೂಲೆಯ ಕೋಶಗಳನ್ನು ಜೇನುಹುಟ್ಟಿನಂತೆ ಜೋಡಿಸಿ ಬಣ್ಣ ತುಂಬುತ್ತಿದ್ದೆ. ಕೆಂಪು ಸೀಮೆಸುಣ್ಣ ಮುಗಿದ ದಿನ ಕಮಲಾಪುರದ ಬಾಳೆ ಹಳದಿಯಾಯಿತು, ಯಾರೂ ಆಕ್ಷೇಪಿಸಲಿಲ್ಲ. ಮಹಾಗಾಂವದಿಂದ ಟೆಂಪೋದಲ್ಲಿ ಬರುತ್ತಿದ್ದ ಸುಜಾತಾ ಎಂಬ ಹುಡುಗಿ ಮಾತ್ರ, “ಮೇಡಮ್, ಅವು ಖರೇನ ಹಿಂಗ ಇರ್ತಾವೇನ್ರಿ?” ಎಂದು ಕೇಳುತ್ತಿದ್ದಳು. ನಾನು ಕಪಾಟಿನ ಕಡೆ ನೋಡಿ ಮತ್ತೆ ಹಲಗೆಗೆ ತಿರುಗುತ್ತಿದ್ದೆ.

ಪ್ರಾಯೋಗಿಕ ಪರೀಕ್ಷೆಯ ದಿನ ಬೇರೆ ಊರಿನಿಂದ ಪರೀಕ್ಷಕರು ಬಂದರೆಂದ ಮೇಲೆ ಕಪಾಟು ತೆರೆಯಲೇಬೇಕಾಯಿತು. ಮಕ್ಕಳು ಬ್ಲೇಡಿನಿಂದ ಸಿಪ್ಪೆ ಹೆರೆದು, ಗಾಜಿನ ಪಟ್ಟಿಯ ಮೇಲಿಟ್ಟು, ಬಾವಿಗೆ ಇಣುಕಿದಂತೆ ಒಂದು ಸಲ ಇಣುಕಿ, ಆಮೇಲೆ ನಿಶ್ಚಿಂತೆಯಿಂದ ನನ್ನ ಹಲಗೆಯ ಜೇನುಹುಟ್ಟನ್ನು ಹಾಳೆಗಿಳಿಸಿದರು. ಸುಜಾತಾಳ ಹಾಳೆಯಲ್ಲಿ ಜೇನುಹುಟ್ಟು ಇರಲಿಲ್ಲ. ಮಬ್ಬು ಮಬ್ಬಾದ ಒಂದು ವೃತ್ತ, ಅದರೊಳಗೆ ಅಂಕುಡೊಂಕಾದ ಕೆಂಪು ಹರಳುಗಳು. ಕೆಳಗೆ, “ಕೋಶ ಕಾಣಲಿಲ್ಲ. ಇವು ಕಂಡವು,” ಎಂದು ಬರೆದಿದ್ದಳು.

“ಏನವಾ ಇದು? ಕೋಶ ಎಲ್ಲಿ?” ಎಂದರು ಪರೀಕ್ಷಕರು.

“ಕಾಣ್ಲಿಲ್ಲರಿ ಸರ್.”

“ಕ್ಲಾಸಿನ್ಯಾಗ ಹೇಳಿಲ್ಲೇನು?”

“ಹೇಳ್ಯಾರ್ರಿ. ಆದ್ರ ಇದರಾಗ ಕಾಣ್ಲಿಲ್ಲರಿ.”

ಪರೀಕ್ಷಕರ ಕೆಂಪು ಪೆನ್ನು ಹಾಳೆಯ ಮೂಲೆಗೆ ಇಳಿಯಿತು. ಅವಳದು ಕೊನೆಯ ವರ್ಷ. ಇದೊಂದರಲ್ಲಿ ನಪಾಸಾದರೆ ಎಂ.ಎಸ್ಸಿ. ಒಂದು ವರ್ಷ ಮುಂದಕ್ಕೆ ಹೋಗುತ್ತದೆ, ಆ ಖಾಲಿ ವರ್ಷಕ್ಕೆ ಮನೆಯವರು ವರನನ್ನು ನೋಡಿಟ್ಟಿದ್ದಾರೆಂದು ಅವಳೇ ಹೇಳಿದ್ದಳು. ಕಂಡಂತೆ ಬರೆಯಿರಿ ಎಂದು ಪತ್ರಿಕೆಯಲ್ಲಿ ಬರೆದವಳು ನಾನು, ಬರೆದದ್ದಕ್ಕೆ ಸೊನ್ನೆ ಅವಳಿಗೆ! ನನಗೆ ಸಿಟ್ಟು ಬಂತು, ಸಿಟ್ಟಿನಲ್ಲಿ ಧೈರ್ಯವೂ ಬಂತು.

“ಸರ್, ಒಂದ್ ಸಲ ನೀವ ನೋಡ್ರಿ,” ಎಂದೆ.

ಮಕ್ಕಳೆದುರು ಒಲ್ಲೆನ್ನಲಾಗದೆ ಅವರು ಕನ್ನಡಕ ತೆಗೆದು ಬಗ್ಗಿದರು. ತಲೆಯೆತ್ತಿದಾಗ ಬಲಗಣ್ಣಿನ ಸುತ್ತ ದುಂಡನೆಯ ಕುಂಕುಮ ಮೂಡಿತ್ತು. ಪರೀಕ್ಷೆಯಾದ್ದರಿಂದ ಯಾರೂ ನಗಲಿಲ್ಲ, ಆದರೆ ಹಿಂದಿನ ಬೆಂಚಿನವರ ಭುಜಗಳು ಕುಣಿಯುತ್ತಿದ್ದವು. ಕಣ್ಣೊರೆಸಿಕೊಂಡ ಪರೀಕ್ಷಕರು ಬೆರಳು ನೋಡಿಕೊಂಡು, “ಕುಂಕುಮ ಅದರಿ ಇದು! ಉದುರಿ ಒಳಗ ಬಿದ್ದದ,” ಎಂದರು. ಬಾಗಿಲಲ್ಲಿ ನಿಂತಿದ್ದ ಮುಖ್ಯಸ್ಥರು, “ನವಮಿ ಪೂಜಾದ್ದು ಸರ್,” ಎಂದು ಬಹಳ ಅಭಿಮಾನದಿಂದ ಸ್ಪಷ್ಟಪಡಿಸಿದರು.

ಪರೀಕ್ಷಕರು ಉಳಿದ ಹಾಳೆಗಳನ್ನು ಎತ್ತಿಕೊಂಡು ನೋಡಿದರು. ಒಂದಕ್ಕಿಂತ ಒಂದು ಸುಂದರವಾದ ಜೇನುಹುಟ್ಟುಗಳು. “ಎಲ್ಲಾಕೂ ಕುಂಕುಮ ಹಚ್ಯಾರ. ಮತ್ತ ಇವರಿಗೆಲ್ಲ ಹೆಂಗ್ ಕಂಡ್ವು?” ಎಂದು ಕೇಳಿದಾಗ ಮಕ್ಕಳು ನನ್ನನ್ನು ನೋಡಿದರು, ನಾನು ಕಿಟಕಿಯನ್ನು ನೋಡಿದೆ. ಅವರು ಪೆನ್ನಿಗೆ ಟೊಪ್ಪಿಗೆ ಹಾಕಿ, “ಒರಸ್ರಿ. ಎಲ್ಲಾರೂ ಮತ್ತೊಮ್ಮೆ ಮಾಡ್ರಿ,” ಎಂದರು.

ಒರೆಸಲು ಕೈಗೆ ಸಿಕ್ಕದ್ದು ಅವ್ವನ ಕುಂಚಿಗೆ. ಸುಜಾತಾ ಅದರಿಂದ ಗಾಜು ಒರೆಸಿದಳು, ಕೈ ಒರೆಸಿಕೊಂಡಳು, ಸಿಪ್ಪೆಯನ್ನು ಈ ಸಲ ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದಳು. ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ.

“ಮೇಡಮ್, ಕಾಣಾಕತ್ತಾವ್ರಿ! ಆದ್ರ ನೀವ್ ತೆಗದಂಗ ಇಲ್ಲರಿ.”

ನಿಜ, ನಾನು ಬರೆದಂತೆ ಇರಲಿಲ್ಲ. ಒಂದರ ಹಾಗೆ ಇನ್ನೊಂದಿಲ್ಲ. ಒಂದು ಸೊಟ್ಟ, ಒಂದು ಉದ್ದ, ಕೆಲವುದರಲ್ಲಿ ಕೆಂಪು ತುಂಬಿ ತುಳುಕುತ್ತಿದೆ, ಪಕ್ಕದ್ದು ಬರಿದು. ಇಷ್ಟು ವರ್ಷ ಕಲಿಸಿದ ನಾನೂ ಕಮಲಾಪುರದ ಬಾಳೆಯನ್ನು ಹೀಗೆ ನೋಡಿರಲಿಲ್ಲ. ಆಮೇಲೆ ಗದ್ದಲವೋ ಗದ್ದಲ. ಒಂದೆರಡು ಗಾಜಿನ ಪಟ್ಟಿ ಒಡೆದವು, ಯಾರ ಜಿಮ್ಮಾ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದ ಮುಖ್ಯಸ್ಥರು ಸಾಲಿನ ಕೊನೆಯಲ್ಲಿ ತಮ್ಮ ಪಾಳಿಗಾಗಿ ನಿಂತಿದ್ದರು. ಸುಜಾತಾ ಪಾಸಾದಳು. ಅವಳ ಮೊದಲ ಹಾಳೆಯನ್ನೂ ಪರೀಕ್ಷಕರು ಹರಿದು ಹಾಕಲಿಲ್ಲ, ಅದಕ್ಕೂ ಅಂಕ ಕೊಟ್ಟರು. ಅಂದು ಸಂಜೆ ಕಪಾಟಿಗೆ ಕೀಲಿ ಬೀಳಲಿಲ್ಲ. ಮುಖ್ಯಸ್ಥರು ಮರೆತರೋ, ಬಿಟ್ಟರೋ, ನಾನು ಕೇಳಲು ಹೋಗಲಿಲ್ಲ.

ಆ ಕುಂಚಿಗೆಯನ್ನು ಮನೆಗೆ ತಂದು ಅವ್ವನ ಮುಂದಿಟ್ಟೆ. ಹಸಿರು ಖಣದ ತುಂಬ ಕುಂಕುಮ, ಅದರ ಮೇಲೆ ಕಪ್ಪಗೆ ಬಾಳೆಯ ಕಲೆ. ಅವ್ವ ನಿಂಬೆಹುಳಿ ಹಚ್ಚಿ ಉಜ್ಜಿದಳು, ಬೈದಳು, ಮತ್ತೆ ಉಜ್ಜಿದಳು.

“ಬಾಳಿ ಡಾಗ ಹೋಗಂಗಿಲ್ಲವ್ವ. ಹೊಸಾದು ಹೊಲದ್ ಕೊಡ್ತೀನಿ.”

“ಬ್ಯಾಡವ್ವ. ಇನ್ನ ಅವನ್ನ ಮುಚ್ಚಿಡೂದಿಲ್ಲ. ಒರಸಾಕ ಇದ ಬೇಕು,” ಎಂದೆ.

ಅವ್ವ ಹೊಲಿಗೆಯಂತ್ರದ ಖಾನೆಯಿಂದ ಕತ್ತರಿ ತೆಗೆದು, ಗದ್ದದ ಕೆಳಗೆ ಕಟ್ಟಲೆಂದು ತಾನೇ ಹೊಲಿದಿದ್ದ ಎರಡೂ ಕಸೆಗಳನ್ನು ಕಚಕ್ಕನೆ ಕತ್ತರಿಸಿ, ಬಟ್ಟೆಯನ್ನು ನನ್ನ ಕೈಗಿಟ್ಟಳು.

“ಉಳಿದವೂ ತಂದ್ ಕೊಡು,” ಎಂದಳು.