ಲಾಫ್ಟಿಗೆ ಏರಿಸಿದ ಮೆಟ್ಟುಕತ್ತಿ

ಕರಡಿಯ ಚರ್ಮ ಸುಲಿಯಲಿಕ್ಕೆಂದೇ ಮಾಡಿದ ಒಂದು ಚಾಕು ನನ್ನ ಅಳಿಯನ ಸಾನಪಾಡಾದ ಮನೆಯ ಶೋಕೇಸಿನಲ್ಲಿದೆ. ಸಾನಪಾಡಾದಲ್ಲಿ ಕರಡಿ ಇಲ್ಲ. ಇದ್ದರೂ ಅದರ ಚರ್ಮ ಸುಲಿಯಲು ಇವನನ್ನು ಯಾರೂ ಕರೆಯುವುದಿಲ್ಲ, ಏಕೆಂದರೆ ಬೇಯಿಸಿದ ಮೊಟ್ಟೆಯ ಸಿಪ್ಪೆ ತೆಗೆಯುವುದಕ್ಕೂ ಇವನು ನನ್ನ ಮಗಳನ್ನು ಕೂಗುತ್ತಾನೆ. ಆದರೂ ಭಾನುವಾರ ಬಂತೆಂದರೆ ಚಾಕನ್ನು ಹೊರತೆಗೆದು, ಮೆತ್ತಗಿನ ಬಟ್ಟೆಯಲ್ಲಿ ಎಣ್ಣೆ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಒಂದು ನಿಟ್ಟುಸಿರು ಬಿಟ್ಟು ಮತ್ತೆ ಒಳಗಿಡುತ್ತಾನೆ. ಇಂಥವನು ಜಗತ್ತಿನಲ್ಲಿ ಒಬ್ಬನೇ, ಅವನು ನನ್ನ ಪಾಲಿಗೆ ಬಂದ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ವಾಶಿಯಲ್ಲಿ ವರ್ಷಕ್ಕೊಮ್ಮೆ ಇಂಥವರೆಲ್ಲ ಸೇರುವ ಚಾಕು ಪ್ರದರ್ಶನವೇ ನಡೆಯುತ್ತದೆ ಎಂದು ಗೊತ್ತಾದದ್ದು ಕಳೆದ ಚಳಿಗಾಲದಲ್ಲಿ.

ನಾನು ಅಲ್ಲಿಗೆ ಹೋದದ್ದು ಹೆಂಡತಿಗೋಸ್ಕರ. ಅದಕ್ಕೆ ಮೊದಲಿನ ಮಳೆಗಾಲದಲ್ಲಿ ಅವಳ ಎರಡೂ ಮೊಣಕಾಲುಗಳ ಆಪರೇಷನ್ ಆಗಿತ್ತು. ಇನ್ನು ನೆಲದ ಮೇಲೆ ಕೂರಲೇಬಾರದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಮದುವೆಯಾಗಿ ಬರುವಾಗ ಅವಳು ಉಡುಪಿಯಿಂದ ತಂದ ಮೆಟ್ಟುಕತ್ತಿ ಮಾಜಿವಾಡಾದ ನಮ್ಮ ಅಡುಗೆಮನೆಯ ನೆಲದ ಮೇಲೇ ಇರುತ್ತಿತ್ತು. ಮಣೆಯ ಮೇಲೆ ಕೂತು, ಎದುರಿಗೆ ಬಾಗಿ ನಿಂತ ಅಲಗಿನಲ್ಲಿ ತರಕಾರಿ ಹೆಚ್ಚುವುದು. ಅದರ ತುದಿಯ ಹಲ್ಲಿನಲ್ಲಿ ತೆಂಗಿನಕಾಯಿ ಹೆರೆಯುವುದು. ನೆಲದ ಮೇಲೆ ಕೂರಬಾರದು ಎಂದಮೇಲೆ ಅದರಿಂದೇನು ಪ್ರಯೋಜನ? ನಾನೇ ಅದನ್ನು ಹಳೆಯ ಲುಂಗಿಯಲ್ಲಿ ಸುತ್ತಿ ಲಾಫ್ಟಿಗೆ ಏರಿಸಿದೆ. ಒಂದು ಸ್ಟೀಲ್ ಚಾಕು, ಒಂದು ಪ್ಲಾಸ್ಟಿಕ್ ಹಲಗೆ ತಂದುಕೊಟ್ಟೆ. ನನ್ನ ಲೆಕ್ಕದಲ್ಲಿ ವಿಷಯ ಅಲ್ಲಿಗೆ ಮುಗಿದಿತ್ತು.

ಮುಗಿದಿರಲಿಲ್ಲ. ಅವಳ ಎಡಗೈಯ ಬೆರಳುಗಳಿಗೆ ಒಂದರ ಹಿಂದೆ ಒಂದು ಪಟ್ಟಿ ಬಿತ್ತು. ಅಲಸಂಡೆ ಒಂದು ತುಂಡು ಉದ್ದ, ಒಂದು ತುಂಡು ಗಿಡ್ಡ. ಆಮೇಲೆ ಹೆಚ್ಚಿಟ್ಟ ತರಕಾರಿಯ ಪ್ಯಾಕೆಟ್‌ಗಳು ಮನೆಗೆ ಬರಲು ಶುರುವಾದವು, ಅವುಗಳ ಪಲ್ಯಕ್ಕೆ ಫ್ರಿಜ್ಜಿನ ರುಚಿ. ಒಂದು ಬೆಳಿಗ್ಗೆ ಅವಳು ಚಾಕು ತೊಳೆದಿಟ್ಟು ಬಂದು ಸೋಫಾದಲ್ಲಿ ಕೂತಳು.

“ಇದು ಇನ್ನು ನನ್ನಿಂದ ಆಗುದಿಲ್ಲ ಮಾರಾಯ್ರೆ. ನಾಳೆಯಿಂದ ಡಬ್ಬಾಕ್ಕೆ ಹೇಳುವ.”

ಡೊಂಬಿವಲಿಯಲ್ಲಿ ಮೂವತ್ತು ವರ್ಷ ಹೋಟೆಲ್ ನಡೆಸಿದವನ ಮನೆಗೆ ಬೇರೆಯವರ ಅಡುಗೆಯ ಡಬ್ಬಾ! ನನಗೆ ಮೊದಲು ಬಂದದ್ದು ಸಿಟ್ಟು. ಸಿಟ್ಟು ಇಳಿದ ಮೇಲೆ ಹೆದರಿಕೆಯಾಯಿತು. ಆಪರೇಷನ್ ದಿನವೂ ತಮಾಷೆ ಮಾಡುತ್ತಿದ್ದ ಹೆಂಗಸು ಈಗ ತನ್ನ ಅಡುಗೆಮನೆಯ ಬಾಗಿಲಲ್ಲಿ ನೆಂಟರ ಹಾಗೆ ನಿಂತು ಒಳಗೆ ನೋಡಿ ವಾಪಸು ಬರುತ್ತಿದ್ದಳು. ಅಡುಗೆಮನೆ ಬಿಟ್ಟರೆ ಅವಳು ಇನ್ನೇನನ್ನೆಲ್ಲ ಬಿಡುತ್ತಾಳೋ ಎಂದು ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ತಪ್ಪು ಚಾಕುವಿನದ್ದೇ, ಅಗ್ಗದ ಮಾಲು ತಂದದ್ದಕ್ಕೆ ಹೀಗಾಯಿತು ಎಂದು ತೀರ್ಮಾನಿಸಿದೆ. ಅಳಿಯನಿಗೆ ಫೋನು ಹಚ್ಚಿದ್ದು ಆಗ. ಅವನಿಗೆ ಸ್ವರ್ಗ ಮೂರೇ ಗೇಣು.

“ಪಪ್ಪಾ, ಮಮ್ಮೀ ಕೇ ಲಿಯೇ ಕಸ್ಟಮ್ ಬನ್ವಾತೇ ಹೈಂ!” ಮಮ್ಮಿಯ ಕೈಗೆಂದೇ ಒಂದನ್ನು ಹೇಳಿ ಮಾಡಿಸೋಣವಂತೆ.

ಹೆಂಡತಿ, ಅಳಿಯನ ಜೊತೆ ಪ್ರದರ್ಶನದ ಹಾಲಿನೊಳಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣಿಗೆ ಬಿದ್ದದ್ದು ಗಂಡಸರ ಮುಂಗೈಗಳು. ಅಲ್ಲಲ್ಲಿ ಬೋಳು, ಉಳಿದ ಕಡೆ ಕೂದಲು. ಏನಪ್ಪಾ ಇದು, ಚರ್ಮರೋಗವೇ ಎಂದುಕೊಂಡೆ. ಅಲ್ಲ, ಹರಿತ ನೋಡುವುದಕ್ಕೆ ಪ್ರತಿಯೊಂದು ಮೇಜಿನ ಹತ್ತಿರವೂ ಇವರು ತಮ್ಮ ಕೈಯ ಕೂದಲನ್ನೇ ಬೋಳಿಸಿಕೊಳ್ಳುತ್ತಾರೆ. ಬೋಳಿಸಿ, ಊದಿ, ತಲೆದೂಗುತ್ತಾರೆ. ಇದೇ ಕೆಲಸವನ್ನು ಮಾಜಿವಾಡಾದ ನಮ್ಮ ಕ್ಷೌರಿಕ ದಿನಕ್ಕೆ ಮೂವತ್ತು ಮಂದಿಗೆ ಮಾಡುತ್ತಾನೆ, ಅವನಿಗೆ ಯಾರೂ ತಲೆದೂಗಿದ್ದು ನಾನು ನೋಡಿಲ್ಲ.

ಹೋಟೆಲಿನಲ್ಲಿ ನಾನು ಚಾಕು ಕಂಡಿಲ್ಲವೇ? ಬೆಳಗಿನ ಹೊತ್ತಿಗೆ ಒಂದು ಮೂಟೆ ಈರುಳ್ಳಿ ಮುಗಿಸಿ ಕೊಡುತ್ತಿದ್ದ ಚಾಕು, ಹಿಡಿ ಮುರಿದರೆ ಸುತಲಿ ಸುತ್ತಿಕೊಂಡು ಮತ್ತೆ ನಾಲ್ಕು ವರ್ಷ ದುಡಿಯುತ್ತಿತ್ತು. ಇಲ್ಲಿ ಚಾಕುಗಳು ಮಖಮಲ್ಲಿನ ಮೇಲೆ ಮಲಗಿದ್ದವು. ಉಕ್ಕಿನ ಮೇಲೆ ನೀರಿನ ಅಲೆಯ ಗೆರೆ. ಒಂಟೆ ಮೂಳೆಯ ಹಿಡಿ. ನೀಲಿ ರಾಳ ಎರಕ ಹೊಯ್ದ ಹಿಡಿ. ಕಾಡಿನ ಬಣ್ಣದ ಪ್ಯಾಂಟು ತೊಟ್ಟು, ಬಹುಶಃ ಐರೋಲಿಯಿಂದಾಚೆ ಯಾವ ಕಾಡನ್ನೂ ಕಾಣದ ಒಬ್ಬಾತ ಮೊಣಕಾಲುದ್ದದ ಒಂದು ಕತ್ತಿಯನ್ನು ಬಿಳಿ ಕೈಗವಸು ಹಾಕಿ ಎತ್ತಿದ.

“ಇದರಲ್ಲಿ ಏನು ಹೆಚ್ಚುವುದು?” ಎಂದು ಹಿಂದಿಯಲ್ಲಿ ಕೇಳಿದೆ.

“ಹೆಚ್ಚುವುದಾ?” ಎಂದ, ನಾನು ಅವನ ಮಗಳನ್ನು ಪಾತ್ರೆ ತೊಳೆಯಲು ಕೇಳಿದ ಹಾಗೆ ಮುಖ ಮಾಡಿ. “ಅಂಕಲ್, ಇದು ಕಲೆಕ್ಟರ್ಸ್ ಪೀಸ್.”

ಅಳಿಯ ನನ್ನ ತೋಳು ಹಿಡಿದು ಎಳೆದ. ಇನ್ನೊಂದು ಮೇಜಿನಲ್ಲಿ ಟೊಮೆಟೊವನ್ನು ಕಾಗದದಷ್ಟು ತೆಳ್ಳಗೆ ಕೊಯ್ದು ತೋರಿಸುತ್ತಿದ್ದರು, ಸುತ್ತ ನಿಂತವರು ಮೊಬೈಲ್ ಹಿಡಿದಿದ್ದರು. ಆ ಟೊಮೆಟೊ ತಿಳಿಸಾರಿಗೂ ಬರುವ ಹಾಗಿರಲಿಲ್ಲ, ಕೊನೆಗೆ ಕಸದ ಬುಟ್ಟಿಗೆ ಹೋಯಿತು. ಹಾಲಿನ ತುಂಬ ಚಾಕುಗಳು, ಹಸಿದ ಹೊಟ್ಟೆಗೆ ಬೇಕಾದ್ದನ್ನು ಕತ್ತರಿಸುವುದು ಮಾತ್ರ ಯಾರಿಗೂ ಬೇಡ. ಇಷ್ಟು ದಡ್ಡರನ್ನು ಒಂದೇ ಸೂರಿನಡಿ ಸೇರಿಸಲು ಎಷ್ಟು ಶ್ರಮಪಟ್ಟಿರಬೇಕು ಎಂದು ನಾನು ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ. ಕೋಲು ಊರಿಕೊಂಡು, ಎಲ್ಲಿಯಾದರೂ ಕುರ್ಚಿ ಉಂಟಾ ಎಂದು ನೋಡುತ್ತಿದ್ದಳು.

ಕುರ್ಚಿ ಸಿಕ್ಕಿದ್ದು ಮೂಲೆಯ ಒಂದು ಮೇಜಿನ ಹತ್ತಿರ. ಅಲ್ಲಿದ್ದಾತ ಕಲ್ಯಾಣದವನು, ಮರಾಠಿಯವನು, ನಲವತ್ತರ ಆಸುಪಾಸು, ಕೈತುಂಬ ಸುಟ್ಟ ಕಲೆಗಳು. ಅವನ ಮೇಜಿನ ಮೇಲೂ ಮಖಮಲ್ಲಿತ್ತು, ಹಾಗಾಗಿ ಅವನನ್ನೂ ಅದೇ ಸಾಲಿಗೆ ಸೇರಿಸಿದ್ದೆ. ಆದರೂ ಬಂದ ಕೆಲಸ ಆಗಬೇಕಲ್ಲ. ನಾನು ಹೋಟೆಲಿನವನು, ಮೂವತ್ತು ವರ್ಷದ ಅನುಭವ, ನನಗೆ ಬಣ್ಣಬಣ್ಣದ್ದು ತೋರಿಸಬೇಡ, ಇವಳ ಕೈಗೆ ಹೊಂದುವ ಅಡುಗೆ ಚಾಕು ಬೇಕು ಎಂದೆ. ಅವನು ಒಂದನ್ನು ಆರಿಸಿ, ಹಿಡಿಯ ಕಡೆಯಿಂದ ಅವಳತ್ತ ಚಾಚಿದ. ಅವಳು ಕೈ ಮುಂದೆ ಮಾಡಲಿಲ್ಲ.

“ಕೆಳಗೆ ಇಡ್ಲಿಕ್ಕೆ ಹೇಳಿ. ಕತ್ತಿ ಕೈಯಿಂದ ಕೈಗೆ ತಕೊಳ್ಳುದಿಲ್ಲ ನಾನು.”

ನಾಚಿಕೊಂಡೇ ಅದನ್ನು ಅವನಿಗೆ ಹಿಂದಿಯಲ್ಲಿ ಹೇಳಿದೆ. ಅವನಿಗೆ ಏನೂ ಅನಿಸಿದಂತಿರಲಿಲ್ಲ. ಚಾಕನ್ನು ಹಲಗೆಯ ಮೇಲಿಟ್ಟ, ಪಕ್ಕದಲ್ಲಿ ಒಂದು ಗಜ್ಜರಿ ಇಟ್ಟ. “ಕಾಪೂನ್ ದಾಖವಾ ಮಾವ್ಶಿ,” ಎಂದ. ಹೆಚ್ಚಿ ತೋರಿಸಿ ಚಿಕ್ಕಮ್ಮಾ, ಅಂತ.

ಅವಳು ಹೆಚ್ಚಿದಳು. ಮೂರನೆಯ ತುಂಡಿಗೆ ಅವನು “ಥಾಂಬಾ” ಎಂದು ಕೂಗಿ ಅವಳ ಕೈಯನ್ನೇ ತಡೆದ. ಆಗ ನಾನೂ ನೋಡಿದೆ. ಬಲಗೈಯಲ್ಲಿ ಚಾಕು ಅಲುಗಾಡದೆ ನಿಂತಿತ್ತು. ಎಡಗೈ ಗಜ್ಜರಿಯನ್ನು ಹಿಡಿದು ಅಲಗಿನ ಮೇಲಕ್ಕೆ ನೂಕುತ್ತಿತ್ತು. ಬೆರಳು ಅಲಗಿಗೆ ಒಂದು ಎಳೆಯಷ್ಟು ದೂರದಲ್ಲಿತ್ತು.

ಅವನು ಅವಳ ಎರಡೂ ಕೈಗಳನ್ನು ನೋಡಿದ. ಆಮೇಲೆ, “ಮನೆಯಲ್ಲಿ ವಿಳಿ ಇತ್ತಾ ಮಾವ್ಶಿ?” ಎಂದು ಕೇಳಿದ. ಮೆಟ್ಟುಕತ್ತಿಗೆ ಮರಾಠಿಯವರು ಹಾಗೆನ್ನುತ್ತಾರೆ. ಅವಳು ಹೌದೆಂದು ತಲೆಯಾಡಿಸಿದಳು. ಮದುವೆಯಾದಾಗಿನಿಂದ ಅದೊಂದೇ ಎಂದಳು.

“ಹಾಗಾದರೆ ಈ ಹಾಲಿನಲ್ಲಿ ನಿಮಗಾಗುವ ಚಾಕು ಇಲ್ಲ,” ಎಂದ. “ನೀವು ಇಷ್ಟು ವರ್ಷ ಚಾಕು ಹಿಡಿದವರೇ ಅಲ್ಲ. ವಿಳಿಯಲ್ಲಿ ಅಲಗು ನಿಂತಿರುತ್ತದೆ, ತರಕಾರಿ ನಡೆಯುತ್ತದೆ. ನಾನು ಎಷ್ಟು ಒಳ್ಳೆಯ ಚಾಕು ಮಾಡಿಕೊಟ್ಟರೂ ಅಷ್ಟೇ ಚೆನ್ನಾಗಿ ಬೆರಳು ಕೊಯ್ಯುತ್ತದೆ.” ಆಮೇಲೆ ನನ್ನ ಕಡೆ ತಿರುಗಿದ. “ಅಂಕಲ್, ಹೋಟೆಲಿನವರು ಎಂದಿರಿ. ಮನೆಯಲ್ಲಿ ಇವರು ಹೆಚ್ಚುವುದನ್ನು ನೋಡಿಲ್ಲವಾ?”

ಹೋಟೆಲಿನಲ್ಲಿ ನಾನು ಕೂರುತ್ತಿದ್ದದ್ದು ಗಲ್ಲೆಯ ಮೇಲೆ, ಹಣ ಎಣಿಸುತ್ತ. ಮನೆಯಲ್ಲಿ ಕೂರುತ್ತಿದ್ದದ್ದು ಟೀವಿಯ ಎದುರು. ಆ ಈರುಳ್ಳಿಯ ಮೂಟೆಯ ಕತೆಯೂ ಹೋಟೆಲಿನ ಅಡುಗೆ ಭಟ್ಟರು ಹೇಳಿ ಕೇಳಿದ್ದು.

ಹೆಂಡತಿಯೇ ಉತ್ತರ ಕೊಟ್ಟಳು, ಹಿಂದಿಯಲ್ಲಿ ಅವನಿಗಲ್ಲ, ಕನ್ನಡದಲ್ಲಿ ನನಗೆ. “ನೀವು ನೋಡುದು ಬಟ್ಟಲಿಗೆ ಬಂದ ಮೇಲೆ.”

ಸಿಟ್ಟಿಲ್ಲದೆ ಹೇಳಿದಳು. ಸಿಟ್ಟಿದ್ದರೆ ನಾನು ತಿರುಗಿ ಏನಾದರೂ ಅನ್ನಬಹುದಿತ್ತು. ಅಳಿಯನಿಗೆ ಕನ್ನಡ ಅರ್ಥವಾಗುತ್ತದೆ. ಅವನು ಒಂದು ಚಾಕುವಿನ ಹಿಡಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಕೈಯ ಕೂದಲು ಬೋಳಿಸಿಕೊಂಡವರನ್ನೆಲ್ಲ ಬೆಳಗಿನಿಂದ ಬೈದುಕೊಂಡು ಬಂದಿದ್ದೆ. ಅವರಾದರೂ ತಾವು ಮೆಚ್ಚಿದ್ದನ್ನು ಕಣ್ಣು ಬಿಟ್ಟು ನೋಡುತ್ತಿದ್ದರು.

ಅಂದು ನಾವು ಏನೂ ಕೊಳ್ಳಲಿಲ್ಲ, ವಿಳಿಯನ್ನೇ ತಂದುಕೊಡಿ ಎಂದು ಅವನು ವಿಳಾಸ ಕೊಟ್ಟ. ಮರುದಿನ ನಾನೇ ಏಣಿ ಹತ್ತಿ ಮೆಟ್ಟುಕತ್ತಿಯನ್ನು ಇಳಿಸಿ, ಅದೇ ಲುಂಗಿಯಲ್ಲಿ ಸುತ್ತಿ ಕಲ್ಯಾಣಕ್ಕೆ ಒಯ್ದೆ. ಲೋಕಲ್ ರೈಲಿನಲ್ಲಿ ಅದು ನನ್ನ ತೊಡೆಯ ಮೇಲಿತ್ತು, ಪಕ್ಕದವನು ಇದೇನು ವೀಣೆಯಾ ಎಂದು ಕೇಳಿದ. ಕಲ್ಯಾಣದವನು ಅಲಗನ್ನು ತೆಗೆದು ಸಾಣೆ ಹಿಡಿದು, ಒಂದು ಗಿಡ್ಡ ದಪ್ಪ ಹಲಗೆಗೆ ಕೂರಿಸಿದ. ಹಲಗೆ ಊಟದ ಮೇಜಿನ ಅಂಚನ್ನು ಕಚ್ಚಿ ಹಿಡಿಯುವಂತೆ ಕೆಳಗೆ ಎರಡು ತಿರುಪುಗಳು. ಅಲೆಯ ಗೆರೆಯಿಲ್ಲ, ಒಂಟೆಯ ಮೂಳೆಯಿಲ್ಲ. ಅಳಿಯ ಅದನ್ನು ನೋಡಿ ಮೂಗು ಮುರಿದ.

ಮೊದಲ ದಿನ ಅವಳು ಕುರ್ಚಿಯಲ್ಲಿ ಕೂತು ಸೌತೆಕಾಯಿ ಎತ್ತಿಕೊಂಡಳು. ಎರಡೂ ಕೈಗಳು ಅದನ್ನು ಹಿಡಿದು ಅಲಗಿನತ್ತ ಒಯ್ದವು. ಕಣ್ಣು ಕಿಟಕಿಯಾಚೆ ಇತ್ತು, ಬಾಯಲ್ಲಿ ಪಕ್ಕದ ಮನೆಯವರ ಸುದ್ದಿ ಇತ್ತು, ತುಂಡುಗಳು ಒಂದೇ ಸಮನಾಗಿ ಬೀಳುತ್ತಿದ್ದವು. ನಾನು ಟೀವಿ ಆರಿಸಿ, ಎದುರಿಗೆ ಕುರ್ಚಿ ಎಳೆದುಕೊಂಡು ಕೂತು ಅವಳ ಕೈಗಳನ್ನು ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಹಳೆಯ ಗೀರುಗಳಿದ್ದವು, ಬಿಳಿಚಿ ಹೋಗಿದ್ದವು. ಎಷ್ಟು ವರ್ಷದವೋ ನನಗೆ ಗೊತ್ತಿಲ್ಲ.

ಅವಳು ಮಾತು ನಿಲ್ಲಿಸಿ ನನ್ನನ್ನು ನೋಡಿದಳು. “ಎಂತ, ಇಲ್ಲಿ ಬಂದು ಕೂತದ್ದು? ಹಸಿವಾಯ್ತಾ? ಇನ್ನು ಅರ್ಧ ಗಂಟೆ ಉಂಟು.”

ಹಸಿವಿಲ್ಲ ಎಂದೆ. ಅವಳು ನಂಬಲಿಲ್ಲ. ಒಂದು ತುಂಡು ಸೌತೆಕಾಯಿಗೆ ಉಪ್ಪು ಹಚ್ಚಿ ನನ್ನ ಕಡೆಗೆ ತಳ್ಳಿದಳು.