ಬೆಟ್ಟಸ್ವಾಮಣ್ಣನ ಶನಿವಾರದ ಕುರ್ಚಿ

ಬೆಟ್ಟಸ್ವಾಮಣ್ಣನಿಗೆ ಹೊಟ್ಟೆಕಿಚ್ಚು ಶುರುವಾದದ್ದು ಹಲ್ಲು ಕೀಳಿಸಿಕೊಂಡ ಮರುದಿನ. ಅದಕ್ಕೆ ಮುಂಚೆ ಆ ಕಾಯಿಲೆಯೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ತಿಪಟೂರಿನಲ್ಲಿ ಅರ್ಧ ಆಯುಷ್ಯ ಕೊಬ್ಬರಿ ವ್ಯಾಪಾರ ಮಾಡಿದವರಿಗೆ ಪಕ್ಕದ ಅಂಗಡಿಯ ಮೇಲೆ ಒಂದಿಷ್ಟು ಉರಿ ಇದ್ದೇ ಇರುತ್ತದೆ. ಆದರೆ ಅದು ವ್ಯಾಪಾರದ ಉರಿ, ಸಂಜೆ ಅಂಗಡಿಯ ಷಟರ್ ಎಳೆದರೆ ಆರಿಹೋಗುತ್ತಿತ್ತು. ಈ ಸಲದ್ದು ಕಟ್ಟಿಕೊಂಡ ಹೆಂಡತಿಯ ಮೇಲಿನದು. ಇದಕ್ಕೆ ಷಟರ್ ಎಲ್ಲಿಂದ ತರುವುದು?

ಅಂಗಡಿಯನ್ನು ಮಗ ಮಹಾಂತೇಶನಿಗೆ ಒಪ್ಪಿಸಿ ಅವರು ನಮ್ಮೂರಿಗೆ ಬಂದು ನೆಲೆಸಿ ನಾಲ್ಕೈದು ವರ್ಷವಾಗಿರಬೇಕು. ನಮ್ಮೂರು ದಂಡಿನಶಿವರದ ಕಡೆಯದು, ಸುತ್ತ ತೆಂಗಿನ ತೋಟ, ನಡುವೆ ಪಂಚಾಯ್ತಿ, ಪಂಚಾಯ್ತಿಗೆ ಅಂಟಿಕೊಂಡಂತೆ ಲೈಬ್ರರಿ. ಬೆಟ್ಟಸ್ವಾಮಣ್ಣನಿಗೆ ತೋಟವಿತ್ತು, ಪೆನ್ನಿನಂತೆ ಜೇಬಿಗೆ ಸಿಕ್ಕಿಸಿಕೊಳ್ಳುವ ಕನ್ನಡಕವಿತ್ತು, ಕೊಬ್ಬರಿ ಮಂಡಿಯ ಆ ತುದಿಯಿಂದ ಈ ತುದಿಗೆ ಕೇಳುವಂಥ ಗಂಟಲಿತ್ತು. ಇಲ್ಲದ್ದು ಒಂದೇ, ಕೇಳುವವರು. ಬೆಳಿಗ್ಗೆ ಲೈಬ್ರರಿಯ ಜಗಲಿಯಲ್ಲಿ ಕೂತು ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದರು. ಸಂಪಾದಕೀಯವನ್ನೂ ಬಿಡುತ್ತಿರಲಿಲ್ಲ, ಟೆಂಡರ್ ಪ್ರಕಟಣೆಯನ್ನೂ ಬಿಡುತ್ತಿರಲಿಲ್ಲ. ಎಮ್ಮೆ ಹೊಡೆದುಕೊಂಡು ಹೋಗುವ ಕರಿಯಣ್ಣ ದಿನಾ ಒಂದು ಸುತ್ತು ಹೆಚ್ಚಾಗಿ ನಡೆದು ಕೆರೆ ಏರಿಯ ದಾರಿ ಹಿಡಿಯುತ್ತಿದ್ದ.

ಹೀಗಿರುವಾಗ ಲೈಬ್ರರಿ ನೋಡಿಕೊಳ್ಳಲು ಸೌಮ್ಯ ಮೇಡಂ ಬಂದರು. ತುರುವೇಕೆರೆಯಿಂದ ಸ್ಕೂಟರಿನಲ್ಲಿ ಓಡಾಡುವ ಹುಡುಗಿ, ಸುಮ್ಮನೆ ಕೂರುವವರಲ್ಲ. ಶನಿವಾರ ಸಂಜೆ ಊರವರಿಗೆಲ್ಲ ಪುಸ್ತಕ ಓದಿ ಹೇಳುವ ಕಾರ್ಯಕ್ರಮ ಮಾಡೋಣ ಎಂದರು. ಹೆಂಗಸರನ್ನು ಕರೆಯಲು ಮನೆಮನೆಗೆ ಹೋದರೆ ಎಲ್ಲರದೂ ಒಂದೇ ಮಾತು. ಹಾಲಮ್ಮನಂತೂ ಗರಿಯ ರಾಶಿಯ ನಡುವಿನಿಂದ ಮುಖವೆತ್ತದೆ, "ನೀವು ಓದ್ತೀರ, ನಾವು ಕೇಳ್ತೀವಿ, ನಮ್ಮ ಪೊರಕೆ ಯಾರು ಕಟ್ತಾರವ್ವ?" ಎಂದಳು. ತೆಂಗಿನ ಗರಿಯನ್ನು ಸೀಳಿ, ಕಡ್ಡಿ ಹೆರೆದು, ಪೊರಕೆ ಕಟ್ಟುವುದು ನಮ್ಮ ಕಡೆಯ ಹೆಂಗಸರಿಗೆ ಸಂಜೆಯ ಕೆಲಸ. ಸೌಮ್ಯ ಮೇಡಂ ಹಿಂದೆ ಸರಿಯಲಿಲ್ಲ. "ಗರೀನೂ ತನ್ನಿ, ಚಾಕೂನೂ ತನ್ನಿ. ಕಸ ನಾನು ಗುಡಿಸ್ತೀನಿ," ಎಂದರು.

ಹಾಗೆ ಶನಿವಾರದ ಓದು ಶುರುವಾಯಿತು. ಲೈಬ್ರರಿಯ ಅಂಗಳದಲ್ಲಿ ಗರಿ ಹರಡಿಕೊಂಡು ಹೆಂಗಸರು, ಬೇಲಿ ಪಕ್ಕ ನಾಲ್ಕು ಜನ ಗಂಡಸರು, ಜಗಲಿಯ ಮೇಲೆ ಕೈಯಿರುವ ಒಂದು ಮರದ ಕುರ್ಚಿ, ಕುರ್ಚಿಯಲ್ಲಿ ಬೆಟ್ಟಸ್ವಾಮಣ್ಣ. ಅವರನ್ನು ಯಾರೂ ಆರಿಸಲಿಲ್ಲ. ಸೌಮ್ಯ ಮೇಡಂ "ಯಾರು ಓದ್ತೀರಿ?" ಎಂದು ಕೇಳಿ ಮುಗಿಸುವಷ್ಟರಲ್ಲಿ ಅವರು ಕೂತಾಗಿತ್ತು. ಓದಿಗೆ ಅವರು ಆರಿಸಿದ್ದು ತೆಂಗಿನ ನುಸಿರೋಗದ ಲಕ್ಷಣ ಮತ್ತು ನಿವಾರಣೆಯ ಪುಸ್ತಕ. ಹರಾಜು ಕೂಗುವ ಧಾಟಿಯಲ್ಲಿ ಓದಿದರು. ಪೊಟ್ಯಾಷ್ ಎಂಬ ಮಾತು ಬಂದಾಗಲೆಲ್ಲ ಪಂಚಾಯ್ತಿಯ ನೀರಿನ ಟ್ಯಾಂಕು ತಿರುಗಿ ಪೊಟ್ಯಾಷ್ ಎನ್ನುತ್ತಿತ್ತು.

ಓದು ಮುಗಿದ ಮೇಲೆ ಮಹಾಂತೇಶನ ಲಗೇಜ್ ಆಟೋ ಬಂದು ಪೊರಕೆಗಳನ್ನೆಲ್ಲ ತುಂಬಿಕೊಂಡು ತಿಪಟೂರಿಗೆ ಹೋಗುತ್ತಿತ್ತು. ಬೆಟ್ಟಸ್ವಾಮಣ್ಣ ಸೊಂಟದ ಮೇಲೆ ಕೈಯಿಟ್ಟು ಆಟೋ ತುಂಬುವುದನ್ನೇ ನೋಡುತ್ತಿದ್ದರು. ಆಟೋ ಕುತ್ತಿಗೆ ಮಟ್ಟ ತುಂಬಿದ ದಿನ ಅವರ ಮುಖವೂ ತುಂಬಿರುತ್ತಿತ್ತು. "ಕೆಲ್ಸ ನೋಡಯ್ಯ, ಹೆಂಗೆ ಸಾಗೈತೆ! ಓದು ಚೆನ್ನಾಗಿದ್ರೆ ಕೈ ತಾನಾಗೇ ಓಡ್ತದೆ ಕಣಯ್ಯ," ಎಂದು ನನಗೆ ವಿವರಿಸಿದರು. ವ್ಯಾಪಾರದವರ ಕಣ್ಣು, ಸರಕನ್ನು ನೋಡಿಯೇ ದಿನದ ಬೆಲೆ ಕಟ್ಟುವುದು.

ಪತ್ರಿಕೆಗಳಿಗೆ ಆಗೊಂದು ಈಗೊಂದು ನಗೆಬರಹ ಬರೆಯುವವನೆಂದು ನನ್ನನ್ನೂ ಒಂದು ಶನಿವಾರ ಆ ಕುರ್ಚಿಯಲ್ಲಿ ಕೂರಿಸಿದರು. ನನ್ನ ಲೇಖನಗಳಲ್ಲೇ ಅತ್ಯಂತ ನಗು ಬರುವಂಥದ್ದನ್ನು ಆರಿಸಿ ಓದಿದೆ. ಯಾರೂ ನಗಲಿಲ್ಲ. ಆದರೆ ಆಟೋ ತುಂಬಿ, ಹಗ್ಗ ಬಿಗಿದು, ಮೇಲಿನ ಪೊರಕೆಗಳನ್ನು ಕೈಯಲ್ಲಿ ಹಿಡಿದುಕೊಳ್ಳಲು ಒಬ್ಬನನ್ನು ಹತ್ತಿಸಬೇಕಾಯಿತು. ಬೆಟ್ಟಸ್ವಾಮಣ್ಣ ನನ್ನ ಬೆನ್ನು ತಟ್ಟಿದರು. ತಟ್ಟಿದ ಕೈಯಲ್ಲಿ ಕೊಂಚ ಅಸೂಯೆಯೂ ಇತ್ತು. ನಾನು ಎದೆಯುಬ್ಬಿಸಿಕೊಂಡು ಮನೆಗೆ ಹೋಗಿ ಹೆಂಡತಿಗೆ ಹೇಳಿದೆ, ನಗು ಒಳಗೊಳಗೇ ಬಂದಿರಬೇಕು, ಕೈಯಲ್ಲಿ ಕಾಣಿಸಿತು ಎಂದು.

ಆಮೇಲೆ ಬಂದದ್ದೇ ಹಲ್ಲು. ಶುಕ್ರವಾರ ಕೀಳಿಸಿದರು, ಶನಿವಾರ ಬಾಯ್ತುಂಬ ಹತ್ತಿ. ಆದರೂ ಕುರ್ಚಿ ಖಾಲಿ ಇರಬಾರದೆಂದು ಬಂದು ಕೂತರು. ಸೌಮ್ಯ ಮೇಡಂ, "ಇವತ್ತು ಬೇರೆ ಯಾರಾದ್ರೂ ಓದ್ಲಾ ಅಂಕಲ್?" ಎಂದರು. ಬೇರೆಯವರ ಕೈಗೆ ಕುರ್ಚಿ ಕೊಡುವುದಕ್ಕಿಂತ ಮನೆಯವರ ಕೈಗೆ ಕೊಟ್ಟರೆ ವಾಪಸು ಪಡೆಯುವುದು ಸುಲಭ ಎಂದು ಲೆಕ್ಕ ಹಾಕಿ, ಹೆಂಡತಿ ಗುರುಶಾಂತಮ್ಮನ ಕಡೆಗೆ ತಾವೇ ಬೆರಳು ತೋರಿಸಿದರು.

ಗುರುಶಾಂತಮ್ಮ ಕಂದಿಕೆರೆಯ ಹೆಣ್ಣುಮಗಳು. ಮಾವನಿಗೆ ಕಣ್ಣಿನ ಆಪರೇಷನ್ ಆದಾಗ ಹಾಸಿಗೆ ಪಕ್ಕ ಕೂತು ತಿಂಗಳುಗಟ್ಟಲೆ ಪುಸ್ತಕ ಓದಿ ಹೇಳಿದವರು. ಗಂಡ ಆಗ ಮಂಡಿಯಲ್ಲಿದ್ದರು, ಕೇಳಿರಲಿಲ್ಲ. ಆಕೆ ಕುರ್ಚಿಗೆ ಹೋಗಲಿಲ್ಲ, ಹೆಂಗಸರ ನಡುವೆ ಮೆಟ್ಟಿಲ ಮೇಲೇ ಕೂತರು. ನುಸಿರೋಗವನ್ನು ಪಕ್ಕಕ್ಕಿಟ್ಟು, ಕಪಾಟಿನಿಂದ ರಟ್ಟು ಕಿತ್ತುಹೋದ ಒಂದು ಕಾದಂಬರಿ ತೆಗೆದರು. ಅದರಲ್ಲಿ ಒಬ್ಬ ಸೊಸೆ ಅತ್ತೆಯ ಮನೆಯ ಬಾವಿಗಟ್ಟೆಯಲ್ಲಿ ನಿಂತು ಕೊಡವನ್ನು ಒಳಗೆ ಬಿಟ್ಟು, ಹಗ್ಗವನ್ನೂ ಬಿಟ್ಟು, ಬಸ್ ಹತ್ತಿ ಹೊರಟುಹೋಗುತ್ತಾಳೆ. ಗುರುಶಾಂತಮ್ಮ ಅದನ್ನು ಗಟ್ಟಿಯಾಗಿ ಓದಲಿಲ್ಲ. ಪಕ್ಕದ ಮನೆಯ ಸುದ್ದಿ ಹೇಳುವ ದನಿಯಲ್ಲಿ ಓದಿದರು. ಬೇಲಿ ಪಕ್ಕದ ಗಂಡಸರು ಕೇಳಿಸಲಿಲ್ಲವೆಂದು ಅಂಗಳದೊಳಕ್ಕೆ ಬಂದರು. ಕರಿಯಣ್ಣನ ಎಮ್ಮೆಗಳು ಅಷ್ಟು ಹೊತ್ತಿಗೆ ಮನೆಗೆ ತಾವೇ ಹೋಗಿದ್ದವು.

ಮರುದಿನದಿಂದ ಬೆಟ್ಟಸ್ವಾಮಣ್ಣನಿಗೆ ದಾರಿಯಲ್ಲಿ ನಡೆಯುವುದು ಕಷ್ಟವಾಯಿತು. ಕರಿಯಣ್ಣ ಎದುರಿಗೇ ಬಂದು ಕೇಳಿದ, "ಅಣ್ಣಾ, ಹಲ್ಲು ಇನ್ನೂ ನೋಯ್ತೈತಾ?"

"ವಾಸಿ ಆಯ್ತಾ ಬಂತು ಕಣ್ಲಾ."

"ಅವಸರ ಏನೈತೆ ಬುಡಣ್ಣ. ನಿಧಾನಕ್ಕೆ ವಾಸಿ ಆಗ್ಲಿ. ಆ ಹುಡುಗಿ ಬಸ್ ಹತ್ತಿದ್ಲಲ್ಲ, ಅವಳೊಂದು ಊರು ಸೇರ್ಲಿ."

ಮನೆಯಲ್ಲಿ ಅವರು ಕಾಫಿಗೆ ಸಕ್ಕರೆ ಜಾಸ್ತಿ ಎಂದರು, ಮಾರನೆಯ ದಿನ ಕಡಿಮೆ ಎಂದರು. ಕೊನೆಗೆ ನಿಜವಾದ ಮಾತು ಹೊರಬಿತ್ತು. "ಅಲ್ಲ ಕಣೇ, ನುಸಿರೋಗದ ಪುಸ್ತಕ ಅರ್ಧಕ್ಕೆ ನಿಂತೈತೆ. ನೀನ್ಯಾಕೆ ಆ ಕಥೆ ಎತ್ಕೊಂಡೆ?"

"ನುಸಿ ಎಲ್ಲಿಗೂ ಹೋಗಲ್ಲ ಬುಡಿ. ಅವಳು ಬಸ್ಸಲ್ಲಿದಾಳೆ," ಎಂದರಂತೆ ಗುರುಶಾಂತಮ್ಮ, ಒಗ್ಗರಣೆ ಹಾಕುತ್ತ.

ಎರಡನೆಯ ಶನಿವಾರವೂ ಹತ್ತಿ ಇಲ್ಲದ ಬಾಯಿಯನ್ನು ಮುಚ್ಚಿಕೊಂಡು ಕೂರಬೇಕಾಯಿತು. ಬೆಟ್ಟಸ್ವಾಮಣ್ಣ ಕಥೆ ಕೇಳಲಿಲ್ಲ, ಕೇಳಬಾರದೆಂದು ಹಟ ಹಿಡಿದು ಜನರನ್ನೇ ನೋಡುತ್ತಿದ್ದರು. ಹಾಗೆ ನೋಡುವಾಗ ಅವರಿಗೆ ಒಂದು ಸಂಗತಿ ಹೊಳೆಯಿತು. ಆಟೋ ಬಂದು ನಿಂತಾಗ ಅದು ಖಚಿತವಾಯಿತು. ಅವರು ನನ್ನ ತೋಳು ಹಿಡಿದು ಎಳೆದರು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ಕಳೆ ಬಂದಿತ್ತು.

"ಆಟೋ ನೋಡಯ್ಯ. ತಳ ಕಾಣ್ತಾ ಐತೆ!"

ನಿಜ, ಆಟೋದ ಮೂಲೆಯಲ್ಲಿ ಮಕ್ಕಳು ಆಟಕ್ಕೆ ಇಟ್ಟಂತೆ ಒಂದಿಷ್ಟು ಪೊರಕೆ ಬಿದ್ದಿದ್ದವು.

"ಹೋದ ವಾರಾನೂ ಹಿಂಗೇ. ಅವಳ ಓದು ಯಾರ್ಗೂ ಹಿಡಿಸಿಲ್ಲ ಕಣಯ್ಯ. ಮರ್ಯಾದೆಗೆ ಸುಮ್ನೆ ಕೂತವ್ರೆ, ಪಾಪ." ನನಗೂ ಹೌದೆನ್ನಿಸಿತು. ಇಲ್ಲದಿದ್ದರೆ ನನ್ನ ದಿನದ ಆಟೋಗೆ ಏನು ಅರ್ಥ ಉಳಿಯುತ್ತದೆ?

ಶನಿವಾರದ ಓದನ್ನು ಮುಂದೆ ಯಾರು ನಡೆಸಬೇಕೆಂದು ನಿಶ್ಚಯಿಸಲು ಸೌಮ್ಯ ಮೇಡಂ ಮೂರನೆಯ ವಾರ ಎಲ್ಲರನ್ನೂ ಕೇಳಿದರು. ಬೆಟ್ಟಸ್ವಾಮಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಎದ್ದು ನಿಂತು ಮಂಡಿಯ ಗಂಟಲಿನಲ್ಲೇ ಹೇಳಿದರು.

"ನೋಡಿ, ನನ್ನ ಹೆಂಡ್ತಿ ಅಂತ ನಾನು ಪಕ್ಷಪಾತ ಮಾಡೋನಲ್ಲ. ಲೆಕ್ಕ ಲೆಕ್ಕಾನೇ. ನಾನು ಓದಿದ ದಿನ ಆಟೋ ತುಂಬ್ತಿತ್ತೋ ಇಲ್ವೋ? ನಮ್ಮ ನಗೆಬರಹದವರು ಓದಿದ ದಿನ ಹಗ್ಗ ಬಿಗಿದೆವೋ ಇಲ್ವೋ? ಇವಳು ಓದೋಕೆ ಶುರು ಮಾಡಿದ ಮೇಲೆ ಆಟೋದಲ್ಲಿ ಏನೈತೆ? ಗಾಳಿ ಐತೆ. ಯಾರ ಓದು ಚೆನ್ನಾಗೈತೆ ಅಂತ ನಿಮ್ಮ ಕೈಗಳೇ ಹೇಳ್ತವೆ. ನಾನ್ಯಾಕೆ ಹೇಳ್ಲಿ?"

ಹಾಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಭುಜ ಅಲುಗಾಡತೊಡಗಿತು. ಅಲ್ಲಿಂದ ನಗು ಅಂಗಳದ ತುಂಬ ಹರಡಿತು. ನನ್ನ ಲೇಖನಕ್ಕೆ ಬರದೆ ಉಳಿದಿದ್ದ ನಗುವೂ ಬಾಕಿ ಸಮೇತ ಆವತ್ತೇ ಬಂತು.

"ಅಯ್ಯೋ ನಮ್ಮಣ್ಣ," ಎಂದಳು ಹಾಲಮ್ಮ ಕಣ್ಣೊರೆಸಿಕೊಳ್ಳುತ್ತ, "ನೀನು ಓದುವಾಗ ನಮ್ಗೆ ಮಾಡೋಕೆ ಇನ್ನೇನಿತ್ತು ಹೇಳು, ಕಡ್ಡಿ ಹೆರೆಯೋದು ಬಿಟ್ಟು? ಅಕ್ಕ ಓದಿದ್ರೆ ಚಾಕು ಕೈಯಲ್ಲೇ ಉಳ್ಕೊಳ್ತದೆ. ಹೋದ ವಾರ ನನ್ನ ತೊಡೆ ಮೇಲಿದ್ದ ಗರಿ ಹಂಗೇ ಇತ್ತು, ಮನೆಗೆ ಹೊತ್ಕೊಂಡೋದೆ."

ಬೆಟ್ಟಸ್ವಾಮಣ್ಣ ನನ್ನ ಕಡೆ ನೋಡಿದರು. ನಾನು ನೀರಿನ ಟ್ಯಾಂಕಿನ ಕಡೆ ನೋಡಿದೆ. ಹಗ್ಗ ಬಿಗಿದ ಆ ಆಟೋ ನನ್ನ ಕಣ್ಣ ಮುಂದೆ ತಿಪಟೂರು ರಸ್ತೆಯುದ್ದಕ್ಕೂ ಹೋಗುತ್ತಿತ್ತು. ಅಷ್ಟು ಪೊರಕೆ ನಮ್ಮೂರಲ್ಲಿ ಅದಕ್ಕೆ ಮುಂಚೆಯೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಓದು ಗುರುಶಾಂತಮ್ಮನ ಪಾಲಾಯಿತು. ಸೌಮ್ಯ ಮೇಡಂ ಒಳ್ಳೆಯ ಹುಡುಗಿ, ಓದುವವರನ್ನು ಸಭೆಗೆ ಪರಿಚಯಿಸುವ ಕೆಲಸ ಅಂಕಲ್‌ಗೆ ಇರಲಿ ಎಂದು ಅವರಿಗೊಂದು ಮೈಕು ಕೊಟ್ಟರು. ಕುರ್ಚಿಯೂ ಅವರಿಗೇ ಉಳಿಯಿತು, ಗುರುಶಾಂತಮ್ಮನಿಗೆ ಮೆಟ್ಟಿಲೇ ಸಾಕಿತ್ತು. ಮೊದಲ ವಾರ ಪರಿಚಯ ನಾಲ್ಕು ಮಾತಿನದು. ಮುಂದಿನ ವಾರ ಅದರಲ್ಲಿ ತಿಪಟೂರು ಮಾರುಕಟ್ಟೆಯ ಚರಿತ್ರೆ ಸೇರಿತು. ಅದರ ಮುಂದಿನ ವಾರ ಸ್ವಂತ ಬಾಲ್ಯ ಸೇರಿತು. ಹೆಂಗಸರಿಗೆ ಇದರಿಂದ ತುಂಬ ಅನುಕೂಲವಾಯಿತು. ಪರಿಚಯ ಮುಗಿಯುವಷ್ಟರಲ್ಲಿ ಪೊರಕೆಯ ಕೆಲಸ ಪೂರ್ತಿ ಮುಗಿಸಿಕೊಂಡು, ಗುರುಶಾಂತಮ್ಮ ಪುಸ್ತಕ ತೆರೆದಾಗ ಕೈ ಒರೆಸಿಕೊಂಡು ಕೂರತೊಡಗಿದರು. ಆಟೋ ಮತ್ತೆ ತುಂಬತೊಡಗಿತು. ಬೆಟ್ಟಸ್ವಾಮಣ್ಣ ಈಗ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವರ ಕಣ್ಣೆಲ್ಲ ಹೆಂಗಸರ ಕೈಗಳ ಮೇಲೆ. ಒಂದಾದರೂ ನಿಲ್ಲಲಿ ಎಂದು ಅವರು ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಬೆವರುತ್ತಿದ್ದರು. ಒಂದೂ ನಿಲ್ಲುತ್ತಿರಲಿಲ್ಲ.

ಹೋದ ಶನಿವಾರ, ಬಾಲ್ಯ ಮುಗಿದು ಯೌವನ ನಡೆಯುತ್ತಿತ್ತು. ಕೊಬ್ಬರಿಯಲ್ಲಿ ತಮಗಿದ್ದ ಪರಿಣತಿಯನ್ನು ಹೇಳಲು ಹೋಗಿ ಬೆಟ್ಟಸ್ವಾಮಣ್ಣ ಒಂದು ಮಾತು ಎತ್ತಿದರು.

"ಕಂದಿಕೆರೆಗೆ ಇವಳನ್ನ ನೋಡೋಕೆ ಹೋದಾಗ ತಟ್ಟೇಲಿ ಹಣ್ಣು, ಎಲೆಯಡಿಕೆ, ತೆಂಗಿನಕಾಯಿ ಇಟ್ಟು ತಂದ್ರು. ನನ್ನ ಕೈ ಸುಮ್ನಿರುತ್ತಾ? ಕಾಯಿ ಎತ್ಕೊಂಡೆ, ಕಿವಿ ಹತ್ರ ಇಟ್ಟು ಕುಲುಕಿದೆ. ಒಳಗೆ ನೀರು, ಒಣ ಕೊಬ್ಬರಿಯಾದ್ರೆ ನೀರಿರಲ್ಲ. ಇವರಪ್ಪನಿಗೆ ಅಂದೆ, ಇದು ಇನ್ನೂ ಆಗಿಲ್ಲ ಸ್ವಾಮಿ, ಬೇಸಿಗೆ ಕಳೆಯೋವರ್ಗೂ ಅಟ್ಟದ ಮೇಲೆ ಹಾಕಿಡಿ ಅಂತ."

ಹಾಲಮ್ಮನ ಚಾಕು ಗರಿಯ ನಡುವೆ ನಿಂತಿತು. ಪಕ್ಕದವಳದೂ ನಿಂತಿತು. ಕರಿಯಣ್ಣ ಬಾಯಿ ತೆರೆದುಕೊಂಡು ನೋಡುತ್ತಿದ್ದ.

"ಹುಡುಗಿ ನೋಡೋಕೆ ಹೋಗಿ ಹಂಗಂದ್ಯಾ? ಆಮೇಲೆ ಏನಾಯ್ತಣ್ಣ?" ಎಂದಳು ಹಾಲಮ್ಮ.

ಬೆಟ್ಟಸ್ವಾಮಣ್ಣ ನಿಂತ ಆ ಚಾಕುವನ್ನು ನೋಡಿದರು. ಜೀವಮಾನದಲ್ಲಿ ಅವರನ್ನು ಯಾರೂ ಆಮೇಲೆ ಏನಾಯಿತು ಎಂದು ಕೇಳಿರಲಿಲ್ಲ. ಸಂತೋಷಕ್ಕೆ ಮುಂದಿನ ಮಾತು ಮರೆತು ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದರು. ಮೈಕಿನಲ್ಲಿ ಬರಿಯ ಉಸಿರು ಕೇಳಿಸಿತು.

ಆ ಸಂದಿನಲ್ಲಿ ಮೆಟ್ಟಿಲ ಮೇಲಿಂದ ಗುರುಶಾಂತಮ್ಮನ ದನಿ ಬಂತು, ಪಕ್ಕದ ಮನೆಯ ಸುದ್ದಿ ಹೇಳುವ ಅದೇ ದನಿ. "ಆಮೇಲೆ ನಮ್ಮಪ್ಪ ಕೆಂಪಗಾಗಿ ಅಡುಗೆಮನೆಗೆ ಬಂದ್ರು. ಕಾಯಿ ಆಗಿಲ್ಲ ಅಂದನೋ, ನನ್ನ ಮಗಳಿಗೆ ಅಂದನೋ ಈ ಹುಡುಗ, ಈ ಸಂಬಂಧ ಬ್ಯಾಡ ಅಂದ್ರು. ನಾನು ನಗೋದರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಆರಿಹೋಗಿತ್ತು..."

ಅಂಗಳದ ಎಲ್ಲ ಕೈಗಳೂ ನಿಂತವು.

"ಏ, ಏ, ಇದು ನನ್ನ ಕಥೆ ಕಣೇ!" ಎಂದರು ಬೆಟ್ಟಸ್ವಾಮಣ್ಣ.

"ನಿಮ್ದೇ. ಕೂತ್ಕೊಂಡು ಕೇಳಿ."

"ನಿಮ್ಮಪ್ಪ ಬ್ಯಾಡ ಅಂದಿದ್ರಾ? ನಂಗೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ನೀವು ಯಾವತ್ತು ಪುರುಸೊತ್ತು ಕೊಟ್ರಿ?"

ಬೆಟ್ಟಸ್ವಾಮಣ್ಣ ಕುರ್ಚಿ ಬಿಟ್ಟು ಇಳಿದು ನನ್ನ ಪಕ್ಕದಲ್ಲಿ ಗರಿಯ ರಾಶಿಯ ಮೇಲೆ ಕೂತರು. ಮೈಕು ಆರಿಸುವುದನ್ನು ಮರೆತಿದ್ದರು. ಅವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದ್ದು ಪಂಚಾಯ್ತಿಯ ಗೋಡೆಗೂ ಕೇಳಿಸಿತು.

"ಕಥೆ ನಂದು ಕಣಯ್ಯ, ಕೈ ನಿಂತಿದ್ದು ಅವಳಿಗೆ. ಸುಮ್ನಿರು, ಅವರಪ್ಪನಿಗೆ ಏನಂದ್ಲೋ ಕೇಳೋಣ."