ಹಾಗೆ ಯಾರೂ ಹೇಳಲ್ಲ

ಕಿವಿಗೆ ಒಗ್ಗದ ವಾಕ್ಯವೊಂದು ಎದುರಾದರೆ ಮಾಯ್ದಾ ಅವರ ಮುಖ ಅನ್ನದಲ್ಲಿ ಕಲ್ಲು ಸಿಕ್ಕಿದವರ ಹಾಗೆ ಆಗುತ್ತಿತ್ತು. ಕನ್ನಡಕ ಹಣೆಗೇರುತ್ತಿತ್ತು. ವಾಕ್ಯವನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿ, ನನ್ನ ಕಡೆ ತಿರುಗಿ, "ತಪ್ಪೇನಿಲ್ಲ. ಆದ್ರೆ ಹಾಗೆ ಯಾರೂ ಹೇಳಲ್ಲ" ಅನ್ನುತ್ತಿದ್ದರು. ನಾವು ಮಾತಾಡುತ್ತಿದ್ದುದು ಸ್ವೀಡಿಷ್‌ನಲ್ಲಿ. ಆದರೆ ಆ ಮಾತು ನನ್ನ ನೆನಪಿನಲ್ಲಿ ಉಳಿದಿರುವುದು ಕನ್ನಡದಲ್ಲೇ.

ಸ್ವೀಡನ್ನಿನ ಕಾರ್ಲ್‌ಸ್ಟಾಡ್‌ನ ಸಣ್ಣ ಕಂಪನಿಯೊಂದರಲ್ಲಿ ನಮ್ಮಿಬ್ಬರ ಮೇಜು ಒಂದೇ ಕೋಣೆಯಲ್ಲಿತ್ತು. ವೃದ್ಧಾಶ್ರಮದ ನರ್ಸುಗಳು ಸ್ವೀಡಿಷ್‌ನಲ್ಲಿ ಹೇಳಿದ್ದನ್ನು ಫೋನು ಬೇರೆ ಭಾಷೆಗೆ ತಿರುಗಿಸಿ ಹೇಳುವ ಆ್ಯಪ್ ಒಂದನ್ನು ನಾವು ಮಾಡುತ್ತಿದ್ದೆವು. ಪ್ರೋಗ್ರಾಮು ನನ್ನದು. ಯಂತ್ರ ಹೇಳುವ ಸ್ಲೊವೇನಿಯನ್ ವಾಕ್ಯ ಎಷ್ಟು ಸಹಜವಾಗಿದೆ ಎಂದು ಐದಕ್ಕೆ ಅಂಕ ಕೊಟ್ಟು ತಿದ್ದುವ ಕೆಲಸ ಎಪ್ಪತ್ತು ದಾಟಿದ ಮಾಯ್ದಾ ಅವರದು. ಅದಕ್ಕೂ ಮುಂಚೆ ಅವರು ನಗರಸಭೆಯ ಶಾಲೆಗಳಲ್ಲಿ ಸ್ಲೊವೇನಿಯನ್ ಮನೆಗಳ ಮಕ್ಕಳಿಗೆ ತಾಯ್ನುಡಿ ಕಲಿಸಿದವರು. "ನಾನು ಏನು ಕೇಳಿದ್ರೂ ಮಕ್ಕಳು ಸ್ವೀಡಿಷ್‌ನಲ್ಲಿ ಉತ್ತರ ಕೊಡ್ತಿದ್ವು. ಈ ಯಂತ್ರ ವಾಸಿ. ಕೆಟ್ಟದಾಗಾದ್ರೂ ನಮ್ಮ ಭಾಷೇಲೇ ಬಾಯಿ ಬಿಡುತ್ತೆ" ಎಂದು ನಗುತ್ತಿದ್ದರು.

ಇಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು. ಕುಂದಾಪುರದಲ್ಲಿ ಬೆಳೆದ ನನ್ನ ನಾಲಿಗೆಗೆ ಅಮ್ಮನ ವಯಸ್ಸಿನವರನ್ನು ಬರಿಯ ಹೆಸರಿನಿಂದ ಕರೆಯುವುದು ಕೊನೆಯವರೆಗೂ ಒಗ್ಗಲಿಲ್ಲ. ಮನೆಯಲ್ಲಿ ಅವರು ಮಾಯ್ದಮ್ಮ ಆದರು. ನಾನು ಆಫೀಸಿನಿಂದ ಬಂದರೆ ಗಂಡನ ಮೊದಲ ಪ್ರಶ್ನೆ, "ನಿನ್ ಮಾಯ್ದಮ್ಮ ಇವತ್ತು ಯಾರನ್ನ ಫೇಲ್ ಮಾಡಿದ್ರು?"

ಒಂದು ದಿನ ಫೇಲಾದದ್ದು ಕಾಲು. ಸ್ಲೊವೇನಿಯನ್‌ನಲ್ಲಿ ಏಕವಚನ ಬಹುವಚನಗಳ ನಡುವೆ ದ್ವಿವಚನವೂ ಇದೆ. ಇಬ್ಬರಿದ್ದರೆ ಕ್ರಿಯಾಪದವೇ ಬೇರೆ. ಮನುಷ್ಯನಿಗೆ ಕಾಲು ಎರಡು ಎಂದು ಲೆಕ್ಕ ಹಾಕಿದ ಯಂತ್ರ, "ಕಾಲು ನೋಯುತ್ತಿದೆ" ಎನ್ನುವುದನ್ನು ದ್ವಿವಚನದಲ್ಲಿ ಹೇಳಿತ್ತು. ಮಾಯ್ದಾ ಮೊದಲು ನಕ್ಕರು, ಆಮೇಲೆ ಸಿಟ್ಟಾದರು.

"ಕಾಲು ಹಿಡ್ಕೊಂಡು ನರಳ್ತಿರೋ ಮುದುಕ ಎಷ್ಟು ಕಾಲು ಅಂತ ಎಣಿಸ್ತಾನಾ? ಹುಟ್ಟುವಾಗಲೇ ಜೋಡಿಯಾಗಿ ಬಂದದ್ದಕ್ಕೆ ನಾವು ದ್ವಿವಚನ ಹಾಕಲ್ಲ, ಬಹುವಚನವೇ ಸಾಕು. ಒಂದೇ ಉಳಿದುಬಿಡಬಹುದು ಅನ್ನೋ ಕಡೆ ಹಾಕ್ತೀವಿ. ನಿಮ್ಮಲ್ಲಿ ಹೇಗೆ?"

ಯೋಚಿಸಿದೆ. ನಾವು ಎರಡು ಕಾಲು ನೋಯುತ್ತಿದ್ದರೂ "ಕಾಲು ನೋವು" ಎಂದು ಒಂದೇ ಕಾಲಿನವರ ಹಾಗೆ ಹೇಳುತ್ತೇವೆ. ಅದನ್ನು ಕೇಳಿ ಅವರು ಮೇಜು ಕುಟ್ಟಿದರು. "ನಿಮ್ಮ ಭಾಷೆಗೆ ಐದಕ್ಕೆ ಐದು."

ಇಷ್ಟೊಂದು ಹಟ ಯಾಕೆ ಎಂದು ತಿಳಿದದ್ದು ಚಳಿಗಾಲದ ಒಂದು ದಿನ, ಇಲ್ಲಿನವರು ಫೀಕಾ ಅನ್ನುವ ಕಾಫಿ ಬಿಡುವಿನಲ್ಲಿ. ಕಾಗದದ ಕಾರ್ಖಾನೆಯಿಂದ ನಿವೃತ್ತರಾಗಿದ್ದ ಅವರ ಗಂಡ ಲೋಯ್ಜೆ ಮರೆವಿನ ಕಾಯಿಲೆಯಿಂದ ವೃದ್ಧಾಶ್ರಮದಲ್ಲಿದ್ದರು. ಮೊದಲು ಹೋದದ್ದು ಅವರ ಸ್ವೀಡಿಷ್, ಐವತ್ತು ವರ್ಷ ಆಡಿದ ಭಾಷೆ. ಮಕ್ಕಳಿರಲಿಲ್ಲ. ದಿನಾ ಮಧ್ಯಾಹ್ನ ಮೂರಕ್ಕೆ ಮಾಯ್ದಾ ಹೋಗಿ ಮಾತಾಡುತ್ತಿದ್ದರು. ಉಳಿದ ಹೊತ್ತು ನರ್ಸುಗಳ ಕೈಯಲ್ಲಿ ನಮ್ಮ ಆ್ಯಪ್. ಅದು ಮಾತಾಡಿದರೆ ಲೋಯ್ಜೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರಂತೆ.

"ಅವನಿಗೆ ಮರೆವು, ಕಿವುಡಲ್ಲ" ಎಂದರು ಮಾಯ್ದಾ. ಆಮೇಲೆ, ಸಕ್ಕರೆಯನ್ನೇ ಹಾಕದ ಕಾಫಿಯನ್ನು ಕಲಕುತ್ತಾ, "ನನ್ನ ಹೊಟ್ಟೇಲಿ ಗಡ್ಡೆ ಇದೆ. ಬೇಸಿಗೆವರೆಗೆ ಅಂತ ಡಾಕ್ಟರ್ ಹೇಳಿದ್ದಾರೆ. ಅಷ್ಟರಲ್ಲಿ ಇದು ಮನುಷ್ಯರ ಥರ ಮಾತಾಡಬೇಕು. ಆಮೇಲೆ ಅವನ ಹತ್ರ ಮಾತಾಡೋಕೆ ಬೇರೆ ಯಾರಿದ್ದಾರೆ?"

ನಾನು ದಾಲ್ಚಿನ್ನಿ ಬನ್ನಿನ ತಟ್ಟೆಯನ್ನು ಅವರತ್ತ ಸರಿಸಿದೆ, ಅಷ್ಟೆ.

ಅಲ್ಲಿಂದ ಅವರು ಕೆಲಸ ಮಾಡಿದ ರೀತಿ ನೋಡಿದರೆ ಹೆದರಿಕೆಯಾಗುತ್ತಿತ್ತು. ಹಾಲು ಬಿಸಿಯಿದೆ, ಕಾಲುಚೀಲ ಹಾಕೋಣ, ಹೊರಗೆ ಹಿಮ ಬೀಳುತ್ತಿದೆ: ಒಬ್ಬ ಮುದುಕನ ದಿನಕ್ಕೆ ಬೇಕಾಗುವ ಮಾತೆಲ್ಲವನ್ನೂ ಕೂತು ಬರೆದರು. ಹಿಮ ಕರಗುವ ಹೊತ್ತಿಗೆ ಕಂಪನಿ ಸ್ಲೊವೇನಿಯನ್ ಕೈಬಿಟ್ಟಿತು. ಬಳಸುವವರು ತೀರಾ ಕಡಿಮೆ. ಆ್ಯಪಿನಲ್ಲಿ ಇದ್ದದ್ದು ಹಾಗೇ ಇರಲಿ, ಹೊಸ ತಿದ್ದುಪಡಿ ಬೇಡ. ನಾನು ಎರಡು ಸಲ ಮ್ಯಾನೇಜರ್ ಹತ್ತಿರ ಹೋಗಿ ಬೇಡಿದೆ. ಅವರು ತುಂಬ ಸೌಜನ್ಯದಿಂದ ಆಗುವುದಿಲ್ಲ ಎಂದರು. ಮಾಯ್ದಾ ಅವರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

"ಹಾಗಾದ್ರೆ ನಾನು ಬರೆದದ್ದೆಲ್ಲ ಎಲ್ಲಿದೆ?"

"ಒಂದು ಫೈಲಲ್ಲಿ."

"ಅದನ್ನ ಯಾರು ಓದ್ತಾರೆ?"

ಯಾರೂ ಇಲ್ಲ ಎಂದೆ. ಒಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲವಲ್ಲ ಎಂದು ಈಗಲೂ ನನ್ನ ಮೇಲೆ ನನಗೇ ಕೋಪ. ಕರಾರು ಮುಗಿಯುವ ದಿನದವರೆಗೂ ಅವರು ಬಂದು ಅಂಕ ಹಾಕಿದರು. ಜೂನ್‌ನಲ್ಲಿ ತೀರಿಕೊಂಡರು.

ಆಗಸ್ಟ್‌ನಲ್ಲಿ ನಾನು ಲೋಯ್ಜೆ ಅವರನ್ನು ನೋಡಲು ಹೋದೆ. ನರ್ಸು ಒಳ್ಳೆಯ ಹುಡುಗಿ. ಸಾವಿನ ಸುದ್ದಿ ಹೇಳಿದಷ್ಟು ಸಲವೂ ಅವರು ಅದನ್ನು ಮರೆತು ಹೊಸದಾಗಿ ಅಳುತ್ತಾರೆ, ಅದಕ್ಕೇ ಹೇಳುವುದನ್ನು ಬಿಟ್ಟಿದ್ದೇವೆ ಎಂದಳು. ಮೂರು ಗಂಟೆಗೆ ಅವರು ಬಾಗಿಲು ನೋಡತೊಡಗಿದರು. "ಮಾಯ್ದಾ?" ಎಂದರು. ನರ್ಸು ಫೋನಿಗೆ ಏನೋ ಹೇಳಿದಳು. ಫೋನು ನುಡಿಯಿತು: "ಮಾಯ್ದಾ ನಿ ದೋಮಾ." ಮಾಯ್ದಾ ಮನೆಯಲ್ಲಿಲ್ಲ.

ಲೋಯ್ಜೆ ಗೋಡೆಗೆ ತಿರುಗಲಿಲ್ಲ. ಫೋನನ್ನೇ ನೋಡಿ ನಿಧಾನವಾಗಿ, "ಮಾಯ್ದೆ" ಎಂದರು. "ಮಾಯ್ದೆ ನಿ ದೋಮಾ."

"ಏನಂದ್ರು?" ಎಂದು ನರ್ಸು ಕೇಳಿದಳು.

ತಿದ್ದಿದರು ಎಂದೆ. ಅವರ ಭಾಷೆಯಲ್ಲಿ, ಇರುವವರ ಹೆಸರು ಇದ್ದ ಹಾಗೇ ಇರುತ್ತದೆ. ಇಲ್ಲ ಎಂದು ಹೇಳುವಾಗ ಹೆಸರಿನ ಕೊನೆ ಬದಲಾಗಬೇಕು. ಮಾಯ್ದಾ ಇದ್ದಾಳೆ, ಮಾಯ್ದೆ ಇಲ್ಲ. ಇಷ್ಟನ್ನು ನನಗೆ ಕಲಿಸಿದ್ದವರು ಮಾಯ್ದಾ ಅವರೇ, ಈ ತಪ್ಪನ್ನು ತಿದ್ದಿಟ್ಟವರೂ ಅವರೇ. ಅದು ಆ ಫೈಲಿನಲ್ಲಿದೆ.

ಲೋಯ್ಜೆ ಕಾಯುತ್ತಿದ್ದರು. ನರ್ಸು ಗುಂಡಿ ಒತ್ತಿದಳು. ಫೋನು ಮತ್ತೆ ತಪ್ಪಾಗಿಯೇ ಹೇಳಿತು. ಅವರು ನನ್ನ ಮುಖ ನೋಡಿದರು. ಅದನ್ನು ಸರಿಯಾಗಿ ಹೇಳಿಕೊಡಲು ಬರುತ್ತಿದ್ದವಳು ಆ ಕೋಣೆಯಲ್ಲಿ ನಾನೊಬ್ಬಳೇ. ನಾನು ಬಾಯಿ ತೆರೆಯಲಿಲ್ಲ. ಸರಿಯಾಗಿ ಹೇಳಿದ್ದರೆ, ಮಾಯ್ದಾ ಇಲ್ಲ ಎನ್ನುವುದನ್ನು ಅವರು ನಂಬಿಬಿಡುತ್ತಿದ್ದರು.